ಮಾತಾಡ್ತಾ ಇರಿ

ನಮ್ಮ ನಾಲ್ಕನೆಯ ಮಹಡಿಯ ಎ.ಸಿ. ತೊಳೆಯಲು ಬರುವ ಮೆಕ್ಯಾನಿಕ್‌ಗೆ ಸೊಂಟದ ಹಗ್ಗಕ್ಕಿಂತ ನನ್ನ ಬಾಯಿಯ ಮೇಲೆ ಹೆಚ್ಚು ನಂಬಿಕೆ. ಗಂಟನ್ನು ಮೂರು ಸಲ ಎಳೆದು ನೋಡಿ, ಕಿಟಕಿಯಾಚೆಯ ಗೇಣಗಲದ ಅಂಚಿಗೆ ಇಳಿದು, "ಅಕ್ಕಾ, ಮಾತಾಡ್ತಾ ಇರಿ" ಎನ್ನುತ್ತಾನೆ. ಜೀವ ಬಾಯಿಗೆ ಬಂದಿದ್ದರೂ ಮಾತಾಡುತ್ತೇನೆ. ಅತ್ತೆಯ ಮಂಡಿನೋವಿನಿಂದ ನಾದಿನಿಯ ಮುನಿಸಿನವರೆಗೆ ಅವನಿಗೆ ತಿಳಿಯದ್ದಿಲ್ಲ. ಹೊರಗಿನ ಯೂನಿಟ್ಟಿಗೆ ನೀರು ಹಾಯಿಸುತ್ತ, "ಧೂಳು ಕಟ್ಟಿದ್ರೆ ಇದು ಬಿಸಿ ಹೊರಗೆ ಹಾಕೋಕಾಗದೆ ಒದ್ದಾಡುತ್ತೆ. ಹೇಳಿ, ಆಮೇಲೆ ನಾದಿನಿ ಏನಂದ್ರು?" ಎಂದು ಕೇಳುತ್ತಾನೆ. ಈ ಸಲ ಹಾಲು ಉಕ್ಕೀತೆಂದು ಒಂದು ನಿಮಿಷ ಒಲೆಯತ್ತ ಓಡಿದೆ. ಮರಳಿದಾಗ ಅವನು ಕಿಟಕಿಯ ಒಳಗೆ ನೆಲದ ಮೇಲೆ ಕುಸಿದು ಕೂತಿದ್ದ. "ಹಿಂದೊಂದ್ಸಲ ಹೀಗೇ ಎ.ಸಿ. ತೊಳೀತಾ ಹೊರಗಡೆ ನಮ್ಮಣ್ಣ ಇದ್ದ," ಎಂದ. "ನಾನು ಒಳಗೆ ಫೋನ್ ನೋಡ್ತಾ ಸುಮ್ಮನಿದ್ದೆ. ತಲೆ ಎತ್ತಿ ನೋಡಿದ್ರೆ ಹಗ್ಗ ಮಾತ್ರ ಇತ್ತು."