ಗಂಜಿ ಅಜ್ಜಿ ಕಲಿಸಿದ ಗಂಟು

ಎನೆಲೆಸಿ ಆ ಶಿಶುವಿಹಾರಕ್ಕೆ ಸೇರಿದ್ದು ಮಕ್ಕಳಿಗೆ ಜೋಳದ ಗಂಜಿ ಕಾಯಿಸಲು. ಮಲಾವಿ ಸರೋವರದ ದಡದ ಒಂದು ಹಳ್ಳಿಯಲ್ಲಿತ್ತು ಅದು. ಅವಳಿಗೆ ಓದು ಬಾರದು, ಬರುತ್ತಿದ್ದುದು ಬಲೆ ಹೆಣೆಯುವ ಕೆಲಸ ಒಂದೇ. ಗಂಡ ತೀರಿಕೊಂಡ ಮೇಲೆ ಊರವರ ಹರಿದ ಬಲೆಗಳನ್ನು ಸರಿಮಾಡಿ ಮೂರು ಮಕ್ಕಳನ್ನು ಸಾಕಿದ್ದಳು. ಕಣ್ಣು ಮಂಜಾದಾಗ ಅದನ್ನು ಬಿಟ್ಟು ಸೌಟು ಹಿಡಿದಳು. ಮಕ್ಕಳಿಗೆ ಅವಳು ಗಂಜಿ ಅಜ್ಜಿ.

ಅಂಗಳದಲ್ಲಿ ಮಾವಿನ ಕೊಂಬೆಗೆ ಟೈರಿನ ಉಯ್ಯಾಲೆ, ಎರಡು ಕಂಬಗಳ ನಡುವೆ ಹತ್ತಿ ಆಡಲು ಹಗ್ಗದ ಬಲೆ. ಆ ವರ್ಷ ಮಳೆಗೆ ಬಲೆ ಲಡ್ಡಾಗಿ ಹರಿದು, ಒಂದು ಮಗುವಿನ ಕಾಲು ಸಿಕ್ಕಿಕೊಂಡಿತು. ಮೇಷ್ಟ್ರು ಲಿಂಬಿಕಾನಿ ಸುತ್ತ ಮುಳ್ಳು ಹಾಕಿಸಿ, "ಪಟ್ಟಣಕ್ಕೆ ಬರೆದಿದೀನಿ, ಬಂದು ರಿಪೇರಿ ಮಾಡ್ತಾರೆ" ಎಂದ. ಮೂರು ತಿಂಗಳಾದರೂ ಯಾರೂ ಬರಲಿಲ್ಲ.

ಒಂದು ಬೆಳಿಗ್ಗೆ ಗಂಜಿ ತಿರುವುತ್ತಿದ್ದ ಎನೆಲೆಸಿ ಮುಳ್ಳಿನ ಆಚೆ ಐದು ವರ್ಷದ ತಡಾಲಾಳನ್ನು ಕಂಡಳು. ಹುಡುಗಿ ಬಾಳೆನಾರಿನಿಂದ ಹರಿದ ಹಗ್ಗ ಕಟ್ಟುತ್ತಿದ್ದಳು.

"ಏನೇ ಅದು?"

"ರಿಪೇರಿ."

"ಎಲ್ಲಿ, ಎಳಿ ನೋಡೋಣ."

ಎಳೆದ ಕೂಡಲೇ ಗಂಟು ಬಿಚ್ಚಿಕೊಂಡಿತು.

"ಅದು ಜೀರುಗುಣಿಕೆ ಕಣೇ. ಮೇಕೆ ಕೂಡ ಬಿಚ್ಕೊಂಡು ಹೋಗುತ್ತೆ. ಕೊಡು ಇಲ್ಲಿ."

ಎನೆಲೆಸಿ ಮುಳ್ಳು ಸರಿಸಿ ಒಳಗೆ ಕೂತಳು. ಗಂಟು ಹಾಕಲು ಅವಳಿಗೆ ಕಣ್ಣು ಬೇಕಿರಲಿಲ್ಲ, ಬೆರಳಿಗೆ ಎಲ್ಲವೂ ನೆನಪಿತ್ತು. ಗಂಜಿ ಸೀದ ವಾಸನೆ ಹಿಡಿದು ಮೇಷ್ಟ್ರು ಓಡಿ ಬರುವಷ್ಟರಲ್ಲಿ ಸುತ್ತ ಹನ್ನೊಂದು ಮಕ್ಕಳು ಕೂತಿದ್ದರು. ಅವನು ಬೈಯಲು ಬಾಯಿ ತೆರೆದವನು, ಬಲೆ ಹಿಡಿದು ಜಗ್ಗಿ ನೋಡಿದ. ಅಲುಗಲಿಲ್ಲ. ಹೋಗಿ ಉಳಿದ ಮುಳ್ಳನ್ನೂ ತೆಗೆದುಹಾಕಿದ.

ಅಂದಿನಿಂದ ಪ್ರತಿ ಗುರುವಾರ ಬಲೆ, ಉಯ್ಯಾಲೆಗಳಿಗೆ ಮಕ್ಕಳಿಂದಲೇ ತಪಾಸಣೆ. ಕಣ್ಣಲ್ಲಿ ನೋಡಬೇಕು, ಕೈಯಲ್ಲಿ ಜಗ್ಗಬೇಕು, ಅನುಮಾನ ಬಂದದ್ದಕ್ಕೆ ಕೆಂಪು ಬಟ್ಟೆ ಕಟ್ಟಬೇಕು. ಆಮೇಲೆ ಅಜ್ಜಿ ಜೊತೆ ಕೂತು ಸರಿಮಾಡಬೇಕು. ಮೊದಲೆಲ್ಲ ಸಿಕ್ಕಿದ್ದನ್ನು ಕಿತ್ತೆಸೆಯುತ್ತಿದ್ದವರೇ ಈಗ, "ಮೆಲ್ಲಗೆ ಹತ್ತೋ, ಅದು ನಾನು ಕಟ್ಟಿದ್ದು" ಎಂದು ಜಗಳಕ್ಕೆ ನಿಲ್ಲುತ್ತಿದ್ದರು.

ತಡಾಲಾಳ ತಾಯಿ ಫಲೆಸಿಗೆ ಇದು ಸರಿಬರಲಿಲ್ಲ. ಮಗಳ ಅಂಗೈ ತರಚಿದ್ದು ಕಂಡು ನೇರ ಅಡುಗೆ ಒಲೆಯ ಮುಂದೆ ಬಂದು ನಿಂತಳು.

"ಓದಿ ನರ್ಸಾಗ್ಲಿ ಅಂತ ಕಳ್ಸಿದ್ರೆ ಬಲೆ ಹೆಣೆಯೋದು ಕಲಿಸ್ತೀರಲ್ಲಮ್ಮ! ಅದು ಮೀನು ಹಿಡಿಯೋ ಅವ್ಳಪ್ಪನ ಮನೇಲೇ ಬೇಕಾದಷ್ಟಿದೆ."

ತನಗೆ ಓದು ಬಾರದ್ದನ್ನೇ ಎತ್ತಿ ಆಡಿದಂತೆ ಎನೆಲೆಸಿಗೆ ಅನ್ನಿಸಿತು. ಮುಂದಿನ ಗುರುವಾರ ಅವಳು ಒಲೆ ಬಿಟ್ಟು ಏಳಲಿಲ್ಲ. ಮಕ್ಕಳು ತಾವೇ ಸುತ್ತು ಹಾಕಿ ತಪಾಸಣೆ ಮಾಡಿದರು.

ಅದೇ ದಿನ ತಂದೆತಾಯಿಯರ ಸಭೆ. ಊರಿನ ಮುಖ್ಯಸ್ಥ ಚಿಲಿಂಬಾ ಬಂದ. ಆಳು ಭಾರಿ, ನಗುವೂ ಭಾರಿ. "ನಾನೂ ಒಂದ್ಸಲ ಜೀಕ್ತೀನಿ" ಎಂದು ಉಯ್ಯಾಲೆಯತ್ತ ನಡೆದ. ತಡಾಲಾ ಕೈ ಚಾಚಿ ಅಡ್ಡ ನಿಂತಳು.

"ಬೇಡ ತಾತ. ಅದಕ್ಕೆ ಹುಷಾರಿಲ್ಲ."

"ಬಾಯ್ಮುಚ್ಚೇ!" ಫಲೆಸಿ ಗದರಿದಳು.

"ನಾನು ದಪ್ಪ ಅಂತ ಬೇಡ ಅಂತೀಯೇನೇ?" ಎಂದ ಮುಖ್ಯಸ್ಥ.

"ದಪ್ಪಾನೂ ಇದೀರ. ಆದ್ರೆ ಮೇಲ್ಗಡೆ ಹಗ್ಗ ಸವೆದಿದೆ. ಕೆಂಪು ಬಟ್ಟೆ ಕಾಣಲ್ವಾ?"

"ಅಯ್ಯೋ, ಅದು ನನ್ನ ಸ್ವಾಗತಕ್ಕೆ ಕಟ್ಟಿದ್ದು ಅಂದ್ಕೊಂಡೆ!"

ಇಡೀ ಸಭೆ ನಕ್ಕಿತು. ಲಿಂಬಿಕಾನಿ ಮರ ಹತ್ತಿ ನೋಡಿದ. ಕೊಂಬೆಗೆ ಉಜ್ಜಿ ಉಜ್ಜಿ ಹಗ್ಗದಲ್ಲಿ ಉಳಿದಿದ್ದುದು ಎರಡೇ ಎಳೆ. ಅವನು ಮೇಲಿಂದಲೇ ಅದನ್ನು ಕೂಗಿ ಹೇಳಿದಾಗ ನಗು ನಿಂತಿತು. ಮುಖ್ಯಸ್ಥ ಬಗ್ಗಿ ಕೇಳಿದ, "ಯಾರು ಕಲಿಸಿದ್ದಮ್ಮ ಇದನ್ನ?"

ತಡಾಲಾ ಒಲೆಯ ಕಡೆ ಕೈ ತೋರಿದಳು. ಎನೆಲೆಸಿ ಸೆರಗಿನಿಂದ ಮುಖ ಒರೆಸಿಕೊಂಡಳು, ಹೊಗೆಗೆ ಎಂಬಂತೆ.

ಮರುವಾರ ಫಲೆಸಿ ಗಂಡನ ದೋಣಿಯಿಂದ ಒಂದು ಸುರುಳಿ ಹಗ್ಗ ಹೊತ್ತು ತಂದಳು. ಮಕ್ಕಳ ನಡುವೆ ಕೂತು ಗಂಟು ಹಾಕತೊಡಗಿದಳು. ಎರಡು ಗಂಟು ಹಾಕಿದ ಮೇಲೆ, "ಅವತ್ತು ನಾನು ಹಾಗನ್ನಬಾರದಿತ್ತು, ಅಮ್ಮ" ಎಂದಳು.

"ಗಂಟು ಸಡಿಲ ಆಯ್ತು, ಬಿಗಿ ಮಾಡು" ಎಂದಳು ಎನೆಲೆಸಿ.

ಮರುವರ್ಷ ತಡಾಲಾ ದೊಡ್ಡ ಶಾಲೆಗೆ ಹೋದಳು. ಎರಡನೇ ದಿನವೇ ಟೀಚರ್ ಕೈ ಎಳೆದು, "ಈ ಬೆಂಚಿನ ಕಾಲು ಅಲ್ಲಾಡ್ತಿದೆ, ಸುತ್ತಿಗೆ ಎಲ್ಲಿಟ್ಟಿದೀರ?" ಎಂದು ಕೇಳಿದಳಂತೆ. ಈ ಸುದ್ದಿಯನ್ನು ಫಲೆಸಿ ದಡದುದ್ದಕ್ಕೂ ಓಡುತ್ತಾ ಬಂದು ಎನೆಲೆಸಿಗೆ ಹೇಳಿದಳು, ನಗುತ್ತಾ, ಏದುಸಿರು ಬಿಡುತ್ತಾ.