ಅಂಧೇರಿಯವರೆಗಿನ ಡ್ರೈ ರನ್

ಮುಂಬೈಯಲ್ಲಿ ಬೆಳಗಿನ ಹೊತ್ತು ಕಿಟಕಿ ಪಕ್ಕ ಕೂತು ಕಾಲೇಜಿಗೆ ಹೋಗುತ್ತಿದ್ದೆ ಎಂದರೆ ಯಾರೂ ನಂಬುವುದಿಲ್ಲ. ಊರಿಗೆ ಊರೇ ದಕ್ಷಿಣಕ್ಕೆ ಓಡುವಾಗ ನಮ್ಮ ಕಾಲೇಜು ಮಾತ್ರ ಉತ್ತರಕ್ಕೆ, ಬೊರಿವಲಿಯಲ್ಲಿತ್ತು. ವಡಾಲದಲ್ಲಿ ಹಾರ್ಬರ್ ಲೈನಿನ ಲೋಕಲ್ ಹತ್ತಿ, ಅಂಧೇರಿಯಲ್ಲಿ ಇಳಿದು ಇನ್ನೊಂದು ಲೋಕಲ್ ಹಿಡಿಯಬೇಕು. ಲೇಡೀಸ್ ಡಬ್ಬಿಯಲ್ಲಿ ನನಗೂ ನನ್ನ ಗೆಳತಿಗೂ ಎದುರುಬದುರು ಸೀಟು ಸಿಗುತ್ತಿತ್ತು. ಕಂಪ್ಯೂಟರ್ ಸೈನ್ಸ್ ನಾನು ಕಲಿತದ್ದು ಆ ಸೀಟುಗಳಲ್ಲಿ. ಹೀಗೆಂದರೆ ನಮ್ಮ ಮೇಡಂಗೆ ಬೇಸರವಾದೀತು, ಆದರೂ ಸುಳ್ಳು ಹೇಳಲಾರೆ.

ಅವಳ ಅಪ್ಪ ವಿಜಯಪುರದ ಕಡೆಯಿಂದ ಬಂದ ಗಾರೆ ಮೇಸ್ತ್ರಿ. ನನ್ನ ಅಪ್ಪ ಉಡುಪಿ ಕಡೆಯವರು, ಮಾಟುಂಗಾದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಅವಳು ಓದಿದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ, ನಾನು ಇಂಗ್ಲಿಷ್ ಮೀಡಿಯಂ. ಮನೆಯಲ್ಲಿ ತುಳು, ಬಿಲ್ಡಿಂಗಿನಲ್ಲಿ ಹಿಂದಿ. ಕನ್ನಡ ನನ್ನ ಬಾಯಲ್ಲಿ ಹೊರಳುತ್ತಿದ್ದದ್ದು ಅವಳ ಮುಂದೆ ಮಾತ್ರ.

ಮೊದಲ ವರ್ಷ ಮೇಡಂ ಡ್ರೈ ರನ್ ಎಂಬುದನ್ನು ಕಲಿಸಿದರು. ಕಂಪ್ಯೂಟರ್ ಮುಟ್ಟದೆ, ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಓದುತ್ತ, ಐ, ಜೆ ಎಂದು ಹೆಸರಿಟ್ಟ ಯಾವ ಅಕ್ಷರದಲ್ಲಿ ಈಗ ಯಾವ ಬೆಲೆ ಇದೆ ಎಂದು ಕಾಗದದ ಮೇಲೆ ಬರೆಯುತ್ತ ಹೋಗುವುದು. ಲೋಕಲಿನ ಕುಲುಕಾಟದಲ್ಲಿ ಬರೆಯುವುದೆಲ್ಲಿಂದ ಬಂತು? ಅವಳೇ ದಾರಿ ಕಂಡುಹಿಡಿದಳು. ನಾನು ಓದಬೇಕು, ಅವಳು ಕಂಪ್ಯೂಟರ್ ಆಗಬೇಕು. ಎಡಗೈ ಐ, ಬಲಗೈ ಜೆ. ಅವಳ ಅಜ್ಜಿ ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸಿ ಲೆಕ್ಕ ಮಾಡುತ್ತಿದ್ದ ಹಾಗೆ ಇವಳೂ ಸರಿಸುತ್ತಿದ್ದಳು. ಅಜ್ಜಿಯ ಲೆಕ್ಕ ಒಂದರಿಂದ ಶುರು, ಕಂಪ್ಯೂಟರಿನದು ಸೊನ್ನೆಯಿಂದ. ಅದಕ್ಕೆ ಕಿರುಬೆರಳಿನ ಕೆಳಗಿನ ಅಂಗೈ ಅಂಚನ್ನು ಸೊನ್ನೆ ಎಂದು ಗೊತ್ತುಮಾಡಿಕೊಂಡಳು.

ಶುರುವಿಗೆ ಮುಂಚೆ ಅವಳದೊಂದು ಕ್ರಮವಿತ್ತು. "ತಡಿ, ಕೈ ಖಾಲಿ ಮಾಡ್ಕೋತೀನಿ," ಎಂದು ಮೊಬೈಲು, ಊಟದ ಡಬ್ಬಿ, ದುಪಟ್ಟಾದ ತುದಿ ಎಲ್ಲವನ್ನೂ ಪಕ್ಕಕ್ಕಿಟ್ಟು, ಎರಡೂ ಅಂಗೈ ಬಿಚ್ಚಿ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು. "ಹಾಂ, ಈಗ ಓದು."

"ಐ ಈಗ ಎಷ್ಟು?"

"ಮೂರು."

"ಮೂರು ಐದಕ್ಕಿಂತ ಸಣ್ಣದು, ಒಳಗೆ ಹೋಗು ಮಾರಾಯ್ತಿ."

"ಹೋದೆ. ಜೆ ಮತ್ತ ಸೊನ್ನಿ ಆತು ನೋಡು."

ಪಕ್ಕದ ಸೀಟಿನಲ್ಲಿ ಬಟಾಣಿ ಸುಲಿಯುತ್ತಿದ್ದ ಹೆಂಗಸೊಬ್ಬಳು ಒಂದು ದಿನ ತಡೆಯಲಾರದೆ, "ಯೇ ಕೌನ್ಸಾ ಜಪ್ ಹೈ, ಬೇಟಾ?" ಎಂದು ಕೇಳಿದಳು. ಇದು ಯಾವ ಜಪ ಎಂದ ಅವಳ ಮಾತಿಗೆ ನಾವು ಬಾಂದ್ರಾ ದಾಟುವ ತನಕ ನಕ್ಕೆವು.

ನಾನು ಅವಸರದವಳು. ಅವೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ಲೂಪು ಎರಡು ಸುತ್ತು ಬಂದರೆ ಸಾಕು, ಕೊನೆಗೆ ಏನಾಗುತ್ತದೆ ಎಂದು ಊಹಿಸಿ ಹಾರಿಬಿಡುತ್ತಿದ್ದೆ. ಅವಳು ಬಿಡುತ್ತಿರಲಿಲ್ಲ. "ನಿನಗ ಗೊತ್ತೈತಿ, ನನ್ನ ಕೈಗೆ ಗೊತ್ತಿಲ್ಲಲ್ಲ. ಓದು." ತಪ್ಪು ಸಿಗುತ್ತಿದ್ದದ್ದು ಯಾವಾಗಲೂ ನಾನು ಹಾರಿಬಿಟ್ಟ ಸುತ್ತಿನಲ್ಲಿ.

ಪರೀಕ್ಷೆಯಲ್ಲಿ ಮಾತ್ರ ಗೆಣ್ಣುಗಳನ್ನು ಯಾರೂ ಕೇಳಲಿಲ್ಲ. ವ್ಯಾಖ್ಯೆ ಬರೆಯಿರಿ, ಅನುಕೂಲ ಅನನುಕೂಲ ಬರೆಯಿರಿ, ಅದೂ ಇಂಗ್ಲಿಷಿನಲ್ಲಿ ಪುಟಗಟ್ಟಲೆ. ಅವಳಿಗೆ ಕೆಟಿ ಬಂತು. ಫೇಲಾದ ವಿಷಯವನ್ನು ಮತ್ತೆ ಬರೆಯುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಮತ್ತೆ ಬರೆದಳು, ಮತ್ತೆ ಹೋಯಿತು. ಎರಡನೇ ವರ್ಷದ ನಡುವೆ ಕಾಲೇಜು ಬಿಟ್ಟು, ಬೈಕುಲ್ಲಾದ ಹೋಲ್‌ಸೇಲ್ ಮಾರ್ಕೆಟ್ಟಿನ ಒಂದು ಅಂಗಡಿಗೆ ಕೆಲಸಕ್ಕೆ ಸೇರಿದಳು. ಎದುರಿನ ಸೀಟು ಖಾಲಿಯಾಯಿತು. ಖಾಲಿ ಎಲ್ಲಿ, ಯಾರಾದರೂ ಕೂರುತ್ತಲೇ ಇದ್ದರು, ಆದರೆ ನನ್ನ ಪಾಲಿಗೆ ಖಾಲಿ. ಆಮೇಲಿನ ಸೆಮಿಸ್ಟರುಗಳಲ್ಲಿ ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್, ಡೇಟಾಬೇಸ್ ಎಲ್ಲ ಓದಿದೆ, ಒಳ್ಳೆಯ ಅಂಕವೂ ಬಂತು. ಅಂಕದ ಸುದ್ದಿ ಅವಳಿಗೆ ಹೇಗೆ ಹೇಳುವುದೆಂದು ತಿಳಿಯದೆ ಹೇಳಲಿಲ್ಲ.

ಈಗ ನನ್ನದು ಪ್ರೋಗ್ರಾಮ್ ಬರೆಯುವ ಕೆಲಸವೇ. ನಾನು ಅರ್ಧ ಸಾಲು ಬರೆಯುವಷ್ಟರಲ್ಲಿ ಉಳಿದರ್ಧವನ್ನು ಸ್ಕ್ರೀನೇ ಬರೆದು ಮುಂದಿಡುತ್ತದೆ. ಏನು ಕೇಳಿದರೂ ಉತ್ತರವಿದೆ. ಓದು, ಹಾರಬೇಡ ಎನ್ನುವವರಿಲ್ಲ. ಅವಳೂ ನಾನೂ ಇರುವುದು ಇದೇ ಊರಿನಲ್ಲಿ. ಹಬ್ಬಕ್ಕೊಂದು ದೀಪದ ಚಿತ್ರ ಅವಳು ಕಳಿಸುತ್ತಾಳೆ, ನಾನೊಂದು ಕಳಿಸುತ್ತೇನೆ. ಭೇಟಿ ಮಾತ್ರ ಆಗುವುದಿಲ್ಲ. ಈ ಊರಿನ ಹಣೆಬರಹವೇ ಅಷ್ಟು ಎಂದು ಸಮಾಧಾನ ಹೇಳಿಕೊಂಡರೂ ಅವಳ ದನಿ ಕೇಳಬೇಕೆಂಬ ಆಸೆ ಬಿಡುವುದಿಲ್ಲ.

ಮೊನ್ನೆ ಒಂದು ಲೂಪು ಬೇಡದ ಕಡೆ ಒಂದು ಸುತ್ತು ಹೆಚ್ಚು ತಿರುಗುತ್ತಿತ್ತು. ನನ್ನ ಅಂಗೈ ಬಿಚ್ಚಿಕೊಂಡು ಕೂತೆ. ಒಬ್ಬಳೇ ಓದುವುದೂ ಒಬ್ಬಳೇ ಎಣಿಸುವುದೂ ಸರಿಬರಲಿಲ್ಲ. ಆದರೂ ಹಟ ಹಿಡಿದು ಎಣಿಸಿದೆ, ತಪ್ಪು ಸಿಕ್ಕಿತು. ಸಿಕ್ಕ ಮೇಲೆ ಯಾಕೋ ಅವಳಿಗೆ ಫೋನ್ ಮಾಡಿದೆ.

ಮಾರ್ಕೆಟ್ಟಿನ ಗಲಾಟೆಯ ನಡುವೆ ಅವಳ ದನಿ. "ಯಾಕ, ಏನಾತು? ಎಲ್ಲಾ ಆರಾಮ?"

"ಎಂತ ಇಲ್ಲ. ಒಂದು ಲೂಪು ಸಿಕ್ಕಿಹಾಕಿಕೊಂಡಿದೆ."

ಅವಳು ನಗುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡೆ. ಏನೋ ಭಾರದ್ದನ್ನು ನೆಲಕ್ಕಿಟ್ಟ ಸದ್ದು, ಯಾರಿಗೋ "ಏ, ದೋ ಮಿನಿಟ್ ರುಕ್," ಎಂದು ಕಾಯಲು ಹೇಳಿದ ಸದ್ದು.

"ತಡಿ, ಫೋನ್ ಸ್ಪೀಕರಿಗೆ ಹಾಕಿ ಇಡ್ತೀನಿ," ಎಂದಳು. "ಹಾಂ, ಕೈ ಖಾಲಿ ಅದಾವು. ಈಗ ಓದು."

ತಪ್ಪು ಆಗಲೇ ಸಿಕ್ಕಿದೆ ಎಂದು ಹೇಳಲಿಲ್ಲ. ಮೊದಲ ಸಾಲಿನಿಂದ, ಒಂದನ್ನೂ ಹಾರದೆ ಓದತೊಡಗಿದೆ.