ಬಾಣಂತಿಯ ಕಟ್ಟಿಗೆ

ಪ್ಲೇಗು ಬಂದ ವರ್ಷ ಇಳಕಲ್ಲಿನಲ್ಲಿ ಊರಿಗೆ ಊರೇ ಮನೆ ಬಿಟ್ಟು ಹೊಲ ಸೇರಿತ್ತು. ಗುಡಿಸಲಿನ ಸೂರಿಗೆ ಹೊದಿಸಲು ಏನೂ ಸಿಗದೆ ಅವ್ವ ಊರ ಮನೆಯ ಹಿತ್ತಲಿನ ಕಟ್ಟಿಗೆ ಒಟ್ಟಿಲಿಗೆ ಹೊದಿಸಿದ್ದ ಜೋಳದ ಕಣಿಕೆಯನ್ನೆಲ್ಲ ಬಿಚ್ಚಿ ತಂದಿದ್ದಳು. ಅದು ಅಕ್ಕನ ಬಾಣಂತನಕ್ಕೆಂದು ಬೇಸಿಗೆಯಲ್ಲೇ ಒಣಗಿಸಿ ಒಟ್ಟಿದ ಕಟ್ಟಿಗೆ. ತಾನೇ ಅದರ ಹೊದಿಕೆ ಬಿಚ್ಚಿ ಬಂದವಳು, ಚಿತ್ತಿ ಮಳೆಯ ಮೋಡ ಕಂಡದ್ದೇ ತಡ, ಕಟ್ಟಿಗೆ ತೊಯ್ಯುತ್ತದೆಂದು ನನ್ನ ಮೇಲೆ ಹರಿಹಾಯ್ದಳು. ಅವಳ ಸಿಟ್ಟಿಗೆ ಹತ್ತಿರ ನಿಂತವರೇ ಗುರಿ.

ಅಕ್ಕನಿಗೆ ಬೆಳಗಿನಿಂದ ಬೇನೆ ಶುರುವಾಗಿತ್ತು. ಹೊಲದ ಪುಳ್ಳೆಯೆಲ್ಲ ತುಂತುರಿಗೆ ತೊಯ್ದು ಬರೀ ಹೊಗೆ ಬಿಡುತ್ತಿತ್ತು.

"ಬಿಸಿನೀರಿಲ್ಲ, ಕೆಂಡ ಇಲ್ಲ ಅಂದ್ರ ಈ ಥಂಡ್ಯಾಗ ಕೂಸು ಉಳಿಯಾಂಗಿಲ್ಲ ನೋಡವಾ" ಎಂದಳು ಸೂಲಗಿತ್ತಿ.

ಒಟ್ಟಿಲ ಅಡಿಯ ಕಟ್ಟಿಗೆಯಾದರೂ ಒಣಗಿರಬಹುದೆಂದು ಅವ್ವನೂ ನಾನೂ ಊರೊಳಗೆ ಓಡಿದೆವು. ಹಗಲೇ ಕತ್ತಲಾಗಿತ್ತು. ಮಗ್ಗದ ಸದ್ದಿಲ್ಲದ ಓಣಿ ನಮ್ಮದೇ ಅನ್ನಿಸಲಿಲ್ಲ. ಗಾಳಿಗೆ ಯಾರದೋ ಬಾಗಿಲು ಬಡಿದುಕೊಳ್ಳುತ್ತಿತ್ತು. ನಮ್ಮ ಹೊಸ್ತಿಲ ಮೇಲೆ ಸತ್ತ ಇಲಿ. ಅವ್ವ ನೋಡಿಯೂ ನೋಡದವಳಂತೆ ದಾಟಿದಳು, ನಾನು ಕಣ್ಣು ಮುಚ್ಚಿ ದಾಟಿದೆ.

ಹಿತ್ತಲಲ್ಲಿ ಒಟ್ಟಿಲ ಮೇಲೆ ಯಾರೋ ಹಳೇ ಬಟ್ಟೆ ಸೇರಿಸಿ ಹೊಲಿದ ಕೌದಿ ಹೊದಿಸಿ, ಮೂಲೆಗಳಿಗೆ ಕಲ್ಲು ಹೇರಿದ್ದರು. ಊರಲ್ಲಿ ನರಪಿಳ್ಳೆ ಇರಲಿಲ್ಲ. ಗಾಳಿ ಹೊಕ್ಕಾಗ ಕೌದಿ ಉಬ್ಬಿ ಇಳಿಯುತ್ತಿತ್ತು, ಕೆಳಗೆ ಯಾರೋ ಮಲಗಿ ಉಸಿರಾಡಿದ ಹಾಗೆ. ನಾನು ಅವ್ವನ ಸೆರಗು ಜಗ್ಗಿದೆ.

"ಕಟಗಿ ತೊಯ್ದಿಲ್ಲವಾ, ಒಯ್ಯಿ."

ದನಿ ಪಕ್ಕದ ಮನೆಯ ಮುಚ್ಚಿದ ಬಾಗಿಲ ಹಿಂದಿನಿಂದ ಬಂತು. ಊರಿಗೆಲ್ಲ ಕೌದಿ ಹೊಲಿದುಕೊಡುತ್ತಿದ್ದ ಮುದುಕಿಯದು. ಮಗನ ಸಂಗಡ ಬಾದಾಮಿಗೆ ಹೋದಳೆಂದು ಎಲ್ಲರೂ ನಂಬಿದ್ದೆವು.

"ಆಯೀ, ನೀ ಹೋಗಲಿಲ್ಲೇನ?" ಅವ್ವ ಬಾಗಿಲತ್ತ ನಡೆದಳು.

"ಒಳಗ ಬರಬ್ಯಾಡ. ಬಗಲಾಗ ಗಂಟ ಎದ್ದೈತಿ. ಜ್ವರ ಬರೂಕಿಂತ ಮೊದಲ ಕಟಗಿಗೆ ಹೊಚ್ಚೇನಿ, ಹೆದರಬ್ಯಾಡ. ನಿನ್ನ ಮಗಳು ಹಡಿಯಾಕಿ ಅದಾಳಲ್ಲ."

"ನಿನಗ ಹೊಚಗೊಳ್ಳಾಕ ಏನೈತಿ?"

ಬಾಗಿಲ ಹಿಂದೆ ಹಲ್ಲು ಕಟಕಟಿಸುವುದಷ್ಟೇ ಕೇಳಿಸಿತು.

ಅವ್ವ ಕೌದಿ ತೆಗೆದಳು. ಅದರ ಮೇಲ್ಪದರವಷ್ಟೇ ತೊಯ್ದಿತ್ತು, ಕಟ್ಟಿಗೆ ಒಣಗಿತ್ತು. ಕೌದಿಯನ್ನು ಮಡಿಚಿ ಮುದುಕಿಯ ಹೊಸ್ತಿಲ ಮೇಲಿಟ್ಟು, ಹಾರದ ಹಾಗೆ ಕಲ್ಲು ಹೇರಿ, "ಆಯೀ, ತುಗೊ, ಇಲ್ಲೇ ಇಟ್ಟೇನಿ" ಎಂದು ಕೂಗಿ ಹೇಳಿದಳು. ಅಳುತ್ತಲೇ ಹೊರೆ ಎತ್ತಿದಳು.

ಅಂದು ಸಂಜೆ ಅಕ್ಕ ಹೆಣ್ಣು ಹಡೆದಳು. ಆ ಕಟ್ಟಿಗೆಯ ಕೆಂಡಕ್ಕೆ ಕೂಸು ಉಳಿಯಿತು.

ಪಿಡುಗು ಅಡಗಿದ ಮೇಲೆ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಊರಿಗೆ ಮರಳಿದೆವು. ಮುದುಕಿಯ ಹೊಸ್ತಿಲ ಮೇಲೆ ಕೌದಿ ಮಡಿಕೆ ಬಿಚ್ಚದೆ ಬಿದ್ದಿತ್ತು, ಕಲ್ಲು ಇಟ್ಟಲ್ಲೇ ಇತ್ತು.